ಹಳ್ಳದಾಚೆಯ ನೆರಳು

ಆ ಊರಿಗೆ ನಾನು ಹೋದದ್ದು ಬಾತುಗಳ ಬೆನ್ನು ಹತ್ತಿ. ಹದಿನೆಂಟು ವರ್ಷಗಳಿಂದ, ಮಳೆ ಹಿಂದೆ ಸರಿದು ಸೀಗಿ ಹುಣ್ಣಿಮೆ ಹತ್ತಿರವಾಯಿತೆಂದರೆ ಸಾಕು, ಸ್ಟುಡಿಯೋದ ಬಾಗಿಲಿಗೆ ಬೀಗ ಹಾಕಿ, ಕ್ಯಾಮೆರಾದ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದೆ. ವರ್ಷದ ಉಳಿದ ದಿನಗಳಲ್ಲಿ ಮದುವೆ, ನಾಮಕರಣ, ಶಾಲೆಯ ಮಕ್ಕಳ ಗುಂಪು ಚಿತ್ರ, ಗೋಡೆಗೆ ತೂಗುಹಾಕುವ ಅಜ್ಜಂದಿರ ಮುಖ. ಶರತ್ಕಾಲದ ಒಂದೂವರೆ ತಿಂಗಳು ಮಾತ್ರ ನನ್ನದು. ಉತ್ತರದಿಂದ ಇಳಿದು ಬರುವ ಹಿಂಡುಗಳನ್ನು ಹುಡುಕಿಕೊಂಡು ಕೆರೆಯಿಂದ ಕೆರೆಗೆ ಬಸ್ಸು ಹತ್ತಿಳಿಯುತ್ತಿದ್ದೆ.

ಒಂದು ಹಕ್ಕಿಯ ಚಿತ್ರ ತೆಗೆಯುವುದು ಕಷ್ಟವಲ್ಲ. ಕೂತು ಕಾದರೆ ಅದು ಎಂದಾದರೂ ತಿರುಗಿ ನೋಡುತ್ತದೆ. ಹಿಂಡಿನ ಚಿತ್ರ ಹಾಗಲ್ಲ. ಸಾವಿರಾರು ರೆಕ್ಕೆ ಒಟ್ಟಿಗೆ ಎದ್ದಾಗ ಎದೆಯೊಳಗೆ ಏನೋ ಎದ್ದು ನಿಲ್ಲುತ್ತದಲ್ಲ, ಅದು ಕಾಗದದ ಮೇಲೆ ಬರುವುದೇ ಇಲ್ಲ. ಹದಿನೆಂಟು ವರ್ಷ ತೊಳೆದ ರೋಲುಗಳಲ್ಲೆಲ್ಲ ನನಗೆ ಸಿಕ್ಕಿದ್ದು ಬೂದು ಬಟ್ಟೆಯ ಮೇಲೆ ಎಳ್ಳು ಚೆಲ್ಲಿದಂಥ ಚಿತ್ರ. ಆ ಊರಿನಲ್ಲಿ ಬಾತುಗಳು ಒಂದೇ ದಿನ, ಒಂದೇ ಹಿಂಡಾಗಿ ಬರುತ್ತವೆ, ಅವು ಬಂದಾಗ ಊರಿಗೆ ಊರೇ ಮಬ್ಬಾಗುತ್ತದೆ ಎಂದು ಲಾರಿಯವನೊಬ್ಬ ಹೇಳಿದಾಗ ನಾನು ಕುಡಿಯುತ್ತಿದ್ದ ಚಹಾ ಅರ್ಧಕ್ಕೇ ಬಿಟ್ಟು ಅವನ ಲಾರಿ ಹತ್ತಿದೆ.

ಅವನು ನನ್ನನ್ನು ಇಳಿಸಿದ್ದು ರಸ್ತೆಗೆ ಅಡ್ಡಲಾಗಿ ಎಳೆದಿದ್ದ ಒಂದು ಸುಣ್ಣದ ಗೆರೆಯ ಹತ್ತಿರ. ಮಳೆಗೆ ತೊಳೆದು ಮಸುಕಾಗಿದ್ದರೂ ಗೆರೆ ಹೊಲದ ಬದುವಿನ ಮೇಲೆ, ಬೇಲಿಯ ಬುಡದಲ್ಲಿ, ಒಂದು ಮನೆಯ ಕಟ್ಟೆಯ ಮೇಲೂ ಹಾದು ಹೋಗಿತ್ತು. ಗೆರೆಯ ಆಚೆ ಒಬ್ಬ ಮುದುಕ ಕುಕ್ಕರಗಾಲಿನಲ್ಲಿ ಕೂತು ಒಂದು ಬಿಳಿ ಬಾವುಟದ ಅಂಚು ಹೊಲಿಯುತ್ತಿದ್ದ. ಅವನೇ ಗೆರೆಗಾರ ಅಡಿವೆಪ್ಪ. ಬಾತಿನ ಚಿತ್ರ ತೆಗೆಯಲು ಬಂದೆ ಎಂದೆ. ಒಳ್ಳೆಯದಾಯಿತು, ಇನ್ನೂ ಬಂದಿಲ್ಲ, ಒಳಗೆ ಬಂದು ನೀರು ಕುಡಿಯಿರಿ ಎಂದ.

ನೀರು ಕುಡಿಯುವಷ್ಟರಲ್ಲಿ, ರೇಷನ್ ಅಂಗಡಿಯ ವೇಳೆ ಹೇಳುವಷ್ಟು ಸಹಜವಾಗಿ ಊರಿನ ಕಟ್ಟಳೆ ಹೇಳಿದ. ಬಾತಿನ ಹಿಂಡು ಬಂದಾಗ ಅದರ ನೆರಳು ಎಲ್ಲಿಯತನಕ ಬೀಳುತ್ತದೋ ಅಲ್ಲಿಯತನಕ ಆ ವರ್ಷದ ಊರು. ಎಲೆ ಅಡಿಕೆ ಹಾಕಿ ಅಗಿದು ಮುಗಿಸುವಷ್ಟು ಹೊತ್ತು ನೆರಳು ನಿಲ್ಲುತ್ತದೆ. ಊರಿನ ಹಳೆಯ ಬುರುಜಿನ ಮೇಲೆ ಅಡಿವೆಪ್ಪ ಬಾವುಟ ಎತ್ತಿ ನಿಲ್ಲುತ್ತಾನೆ. ಬಾವುಟ ಮೇಲಿರುವಷ್ಟು ಹೊತ್ತು ಸುಣ್ಣದವರು ನಾಲ್ಕೂ ದಿಕ್ಕಿಗೆ ಓಡಿ ಬಿಸಿಲು ಶುರುವಾಗುವ ಅಂಚಿನಲ್ಲಿ ಸುಣ್ಣ ಸುರಿಯಬೇಕು. ಬಾವುಟ ಇಳಿದ ಮೇಲೆ ಸುರಿದ ಸುಣ್ಣ ಲೆಕ್ಕಕ್ಕಿಲ್ಲ. ಮೂರನೆಯ ದಿನ ಬಾತಿನ ಸಂತೆ ಕೂಡುತ್ತದೆ, ಅಂದು ಹೊತ್ತು ಮುಳುಗುವ ಮುನ್ನ ಪಂಚರು ಗೆರೆಗೆ ಮುದ್ರೆ ಒತ್ತುತ್ತಾರೆ. ನಲ್ಲಿ, ಶಾಲೆ, ದವಾಖಾನೆ, ಸ್ಮಶಾನ ಎಲ್ಲವೂ ಗೆರೆಯ ಒಳಗಿನವರಿಗೆ. ಕೆಲವು ವರ್ಷ ಊರು ಹಿಗ್ಗುತ್ತದೆ, ಕೆಲವು ವರ್ಷ ಕುಗ್ಗುತ್ತದೆ. ಹೋದ ವರ್ಷ ತನ್ನ ಮನೆಯ ಅಡುಗೆಕೋಣೆ ಹೊರಗೆ ಬಿದ್ದಿತ್ತೆಂದೂ ಹೆಂಡತಿ ಒಲೆಯನ್ನು ಪಡಸಾಲೆಗೆ ತಂದು ವರ್ಷವಿಡೀ ಬೈದುಕೊಂಡೇ ರೊಟ್ಟಿ ಬಡಿದಳೆಂದೂ ಅಡಿವೆಪ್ಪ ನಗದೆ ಹೇಳಿದ. ಆ ಗೆರೆ ಎಳೆದವನೂ ಅವನೇ.

ಹಾಗೆ ಬದುಕುವುದು ಕಷ್ಟವಲ್ಲವೇ ಎಂದು ನಾನು ಕೇಳಲಿಲ್ಲ. ಅವನ ಮುಖ ನೋಡಿದರೆ ಬೇರೆ ಊರುಗಳಲ್ಲಿ ಗೆರೆ ಕದಲದೆ ಹೇಗೆ ಬದುಕುತ್ತಾರೋ ಎಂದು ಅವನೇ ಮರುಗುವಂತಿತ್ತು.

ಊರಿನ ದಕ್ಷಿಣಕ್ಕೆ ಒಂದು ಹಳ್ಳ, ಹಳ್ಳದಾಚೆ ಕೆರೆಯ ಬಾಲದ ಜೌಗು. ಬಾತುಗಳು ಇಳಿಯುವ ಜಾಗ ನೋಡಿಕೊಳ್ಳೋಣವೆಂದು ಮರುದಿನ ಹಳ್ಳ ದಾಟಿದೆ. ನೀರು ಮೊಣಕಾಲಿಗಷ್ಟೇ ಇದ್ದರೂ ಅದರ ತಳದ ಕಪ್ಪು ಕೆಸರು ಕಾಲು ಬಿಡುತ್ತಿರಲಿಲ್ಲ. ಆಚೆ ದಡದಲ್ಲಿ ಹದಿನೇಳು ಗುಡಿಸಲುಗಳು, ಅವುಗಳ ಮುಂದೆ ಬಿಸಿಲಿಗೆ ಹರಡಿದ ಜೊಂಡು. ಕೆರೆಯ ಜೊಂಡು ಕೊಯ್ದು ಚಾಪೆ ಹೆಣೆಯುವವರ ಓಣಿ ಅದು. ಕೆಸರಿನಲ್ಲಿ ಚಪ್ಪಲಿ ಕಳೆದುಕೊಂಡು ನಿಂತಿದ್ದ ನನ್ನನ್ನು ಕೈ ಹಿಡಿದು ಮೇಲೆ ಎಳೆದುಕೊಂಡವಳು ನೀಲಗಂಗವ್ವ. ಐವತ್ತು ದಾಟಿದ, ತೋಳುಗಳಲ್ಲಿ ಜೊಂಡು ಗೀರಿದ ಬಿಳಿ ಗೆರೆಗಳಿದ್ದ ಹೆಂಗಸು. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ಕೊಟ್ಟಳು. ಕುಡಿಯಲು ಕೊಟ್ಟ ನೀರು ಉಪ್ಪುಪ್ಪಾಗಿತ್ತು. ನಾನು ಮುಖ ಬದಲಿಸದೆ ಕುಡಿದೆ, ಆದರೂ ಅವಳು ಗಮನಿಸಿದಳು.

ಅವಳು ಹೇಳಿದ್ದಿಷ್ಟು. ಹಿಂದೆ ಆ ಹಳ್ಳ ಹಾರಿ ದಾಟುವಷ್ಟು ಕಿರಿದಾಗಿತ್ತು. ಸುಣ್ಣದವರು ಬುಟ್ಟಿ ಸಮೇತ ಒಂದೇ ನೆಗೆತಕ್ಕೆ ದಾಟಿ, ಓಣಿಯನ್ನು ಬಳಸಿ ಬಂದು ಸುಣ್ಣ ಸುರಿಯುತ್ತಿದ್ದರು. ಹನ್ನೊಂದು ವರ್ಷದ ಕೆಳಗೆ ದೊಡ್ಡ ಮಳೆ ಬಂದು ದಡ ಕಿತ್ತುಕೊಂಡು ಹೋಯಿತು, ಹಳ್ಳ ಅಗಲವಾಯಿತು. ಆ ವರ್ಷ ಸುಣ್ಣದವರು ಊರಿನ ಕಡೆಯ ದಡದಲ್ಲೇ ನಿಂತು ಸುಣ್ಣ ಸುರಿದು ತಿರುಗಿದರು. ನೆರಳು ಇರುವಷ್ಟು ಹೊತ್ತಿನಲ್ಲಿ ಆ ಕೆಸರು ದಾಟಿ ಬರಲಾಗುವುದಿಲ್ಲ. ಮೊದಲ ವರ್ಷ ಓಣಿಯವರು ನಕ್ಕರು, ಮುಂದಿನ ವರ್ಷ ಸರಿಹೋಗುತ್ತದೆ ಎಂದುಕೊಂಡರು. ಎರಡನೆಯ ವರ್ಷ ನಲ್ಲಿಯ ಪೈಪು ಊರಿನ ಕಡೆಯ ದಡದಲ್ಲೇ ನಿಂತಿತು. ಮೂರನೆಯ ವರ್ಷದಿಂದ ಮಕ್ಕಳ ಹೆಸರು ಶಾಲೆಯ ಹಾಜರಿಯಲ್ಲಿಲ್ಲ. ಹಳ್ಳದ ನಡುವೆ ಒಂದು ಸಿಹಿನೀರಿನ ಒರತೆ ಇದೆ, ಓಣಿಯ ಹೆಂಗಸರು ಕೊಡ ಹಿಡಿದು ಅಲ್ಲಿಗೆ ಇಳಿಯುತ್ತಿದ್ದರು. ಎರಡು ವರ್ಷದ ಹಿಂದೆ, ಮೇಲೆಲ್ಲೋ ಮಳೆಯಾಗಿ ಒಮ್ಮೆಲೇ ನೀರು ಬಂದಾಗ, ನೀಲಗಂಗವ್ವನ ತಂಗಿ ಹೂವಕ್ಕ ಅಲ್ಲಿದ್ದಳು. ಕೊಡ ಸಿಕ್ಕಿತು. ಹೂವಕ್ಕ ಮೂರು ದಿನ ಬಿಟ್ಟು ಸಿಕ್ಕಳು.

ಇಷ್ಟೇ ಆಗಿದ್ದರೆ ಅವಳು ನನಗೆ ಹೇಳುತ್ತಿರಲಿಲ್ಲವೇನೋ. ಹನ್ನೆರಡು ವರ್ಷ ಸತತವಾಗಿ ಗೆರೆಯ ಹೊರಗಿದ್ದ ಜಾಗ ಕೆರೆಯ ಪಾಲಾಗುತ್ತದೆ, ಅಲ್ಲಿ ಮನೆ ಇರಬಾರದು ಎಂಬುದೂ ಕಟ್ಟಳೆಯಲ್ಲಿತ್ತು. ಹನ್ನೊಂದು ವರ್ಷ ಆಗಿಹೋಗಿತ್ತು. ಇದು ಹನ್ನೆರಡನೆಯದು.

ನಿಜವಾಗಿ ನೆರಳು ಇಲ್ಲಿ ಬೀಳುತ್ತದೆಯೇ ಎಂದು ಕೇಳಿದೆ.

“ನನ್ನ ಮೈ ಕೇಳ್ರಿ ಅಕ್ಕಾರ,” ಎಂದಳು. “ಒಣಾ ಹಾಕಿದ ಜೊಂಡು ಕೈಯಾಗ ಸುಡತಿರ್ತೈತಿ. ಬಾತು ಬಂದಾಗ ಅದ ಜೊಂಡು ತಣ್ಣಗಾಗ್ತೈತಿ. ಪ್ರತಿ ವರ್ಷ. ಆದ್ರ ನಮ್ಮ ಮಾತು ಯಾರು ಕೇಳ್ತಾರ? ಗೆರಿ ಹೊರಗಿನವ್ರ ಸಾಕ್ಷಿ ನಡೆಯೂದಿಲ್ಲ.”

ಅಂದು ಮಧ್ಯಾಹ್ನ ನಾನು ಪಂಚರನ್ನು ಕಂಡೆ. ಕೆಟ್ಟವರಲ್ಲ. ಚಹಾ ತರಿಸಿದರು. ಬುರುಜಿನಿಂದ ನೋಡಿದರೆ ಹಳ್ಳದ ದಂಡೆಯ ಹುಣಸೆ ಮರಗಳು ಅಡ್ಡ ಬರುತ್ತವೆ, ಗೆರೆಗಾರನಿಗೆ ಆಚೆಯದು ಕಾಣುವುದಿಲ್ಲ, ಸುಣ್ಣ ಎಲ್ಲಿ ಬಿದ್ದಿದೆಯೋ ಅದೇ ದಾಖಲೆ ಎಂದರು. ಒಳಗೂ ಅಲ್ಲದ, ಹೊರಗೂ ಅಲ್ಲದ ಯಾರಾದರೂ ಕಂಡದ್ದನ್ನು ತೋರಿಸಿದರೆ ಕೇಳುತ್ತೀರಾ ಎಂದು ಕೇಳಿದೆ. ಹಿರಿಯ ಪಂಚರು, ಹೇಳಿದರೆ ಕೇಳುವುದಿಲ್ಲ, ತೋರಿಸಿದರೆ ನೋಡುತ್ತೇವೆ ಎಂದರು. ನನಗೆ ಅಷ್ಟು ಸಾಕಿತ್ತು.

ಊರಿನ ಉತ್ತರಕ್ಕೆ ಒಂದು ಬೋಳುಗುಡ್ಡ. ಅದರ ನೆತ್ತಿಯಿಂದ ನೋಡಿದರೆ ಎದುರಿಗೇ ಬುರುಜು, ಅದರ ಹಿಂದೆ ಮನೆಗಳ ಮಾಳಿಗೆಗಳು, ಆಮೇಲೆ ಹುಣಸೆ ಸಾಲು, ಹಳ್ಳದ ಕಪ್ಪು ಪಟ್ಟಿ, ಅದರಾಚೆ ಚಾಪೆ ಓಣಿ. ಎಲ್ಲವೂ ಒಂದೇ ಚೌಕಟ್ಟಿನೊಳಗೆ ಬರುತ್ತಿದ್ದವು. ನಾನೂ ನೀಲಗಂಗವ್ವನೂ ಬೆಳಗಾಗುತ್ತಲೇ ಊರನ್ನು ಬಳಸಿಕೊಂಡು ಗುಡ್ಡ ಹತ್ತಿ ಕೂರುತ್ತಿದ್ದೆವು, ಹೊತ್ತು ಇಳಿದ ಮೇಲೆ ಇಳಿಯುತ್ತಿದ್ದೆವು. ಅವಳು ಮಡಿಲಲ್ಲಿ ಜೊಂಡಿಟ್ಟುಕೊಂಡು ಹೆಣೆಯುತ್ತಿದ್ದಳು. ನಾನು ಆಕಾಶ ನೋಡುತ್ತಿದ್ದೆ.

ನನ್ನದು ಮೇಲಿನಿಂದ ತಲೆ ತಗ್ಗಿಸಿ ನೋಡುವ, ಎರಡು ಕಣ್ಣಿನ ಹಳೆಯ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡೇ ಚಿತ್ರ. ನೆರಳು ಇರುವ ಹೊತ್ತಿನಲ್ಲಿ ಇನ್ನೊಂದು ರೋಲು ಹಾಕಲು ಸಾಧ್ಯವಿಲ್ಲ. ಇದನ್ನು ಲೆಕ್ಕ ಹಾಕುತ್ತ ಕೂತಾಗ ನನಗೆ ಒಳಗೊಳಗೇ ಒಂದು ಕಳ್ಳಯೋಚನೆ ಬಂತು. ಆರು ಚಿತ್ರ ಕೆಳಗೆ, ಆರು ಮೇಲೆ ತೆಗೆದರೆ ಹೇಗೆ? ಸೂರ್ಯನನ್ನು ಮುಚ್ಚುವಷ್ಟು ದೊಡ್ಡ ಹಿಂಡು. ಹದಿನೆಂಟು ವರ್ಷ ಹುಡುಕಿದ್ದು ಅದನ್ನೇ. ಮತ್ತೆ ಇಂಥದ್ದು ಸಿಗುತ್ತದೆಂದು ಯಾರು ಹೇಳಿದರು? ನೀಲಗಂಗವ್ವನಿಗೆ ಈ ಮಾತು ಹೇಳಲು ನಾಚಿಕೆಯಾಗಿ ಹೇಳದೆ ಉಳಿದೆ. ಐದನೆಯ ದಿನ ಹೇಳಿಬಿಟ್ಟೆ. ಅವಳು ಬೇಡವೆನ್ನಲಿಲ್ಲ. ನಿಮ್ಮ ಕ್ಯಾಮೆರಾ, ನಿಮ್ಮ ದಾರಿ, ನಾವು ಏನು ಹೇಳೋಣ ಎಂದು ಮತ್ತೆ ಹೆಣೆಯತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ, ಹೂವಕ್ಕನಿಗೆ ಬಾತು ಅಂದರೆ ಜೀವ, ನೀರಿಗೆ ಹೋದವಳು ಬಾತು ನೋಡುತ್ತ ನಿಂತು ತಡವಾಗಿ ಬಂದು ಬೈಸಿಕೊಳ್ಳುತ್ತಿದ್ದಳು ಎಂದಳು. ನನ್ನ ಮೇಲೆ ಹೊರೆ ಹಾಕಲು ಹೇಳಿದ್ದಲ್ಲ ಅದು. ಸುಮ್ಮನೆ ನೆನಪಾಗಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಮೋಡ. ಮೋಡವಿದ್ದ ದಿನ ಬಾತು ಬಂದರೆ ನೆರಳಿಲ್ಲ, ನೆರಳಿಲ್ಲದಿದ್ದರೆ ಹೋದ ವರ್ಷದ ಗೆರೆಯೇ ಗೆರೆ. ನೀಲಗಂಗವ್ವ ಅಂದು ಹೆಣೆಯಲಿಲ್ಲ. ಕೆಳಗೆ ಬುರುಜಿನ ಮೇಲೆ ಅಡಿವೆಪ್ಪನೂ ಆಕಾಶಕ್ಕೆ ಮುಖ ಮಾಡಿ ನಿಂತಿದ್ದ. ಹತ್ತು ಗಂಟೆಯ ಸುಮಾರಿಗೆ ಉತ್ತರದಿಂದ ಸದ್ದು ಬಂತು. ಮೊದಲು ದೂರದ ಸಂತೆಯ ಗದ್ದಲದಂತೆ, ಆಮೇಲೆ ಒಂದೊಂದು ಕೂಗೂ ಬೇರೆಯಾಗಿ ಕೇಳುವಷ್ಟು ಹತ್ತಿರ. ನಮ್ಮ ಹಿಂದಿನಿಂದ, ನಮ್ಮ ತಲೆಯ ಮೇಲಿಂದಲೇ ಬರುತ್ತಿದ್ದವು. ಮೋಡ ಹಾಗೇ ಇತ್ತು. ನನ್ನ ಕೈ ಬೆವರಿ ಕ್ಯಾಮೆರಾ ಜಾರಿತು, ಸೀರೆಗೆ ಒರೆಸಿಕೊಂಡೆ.

ಆಗ ಮೋಡ ಒಡೆಯಿತು. ಕೆರೆಯ ಕಡೆಯಿಂದ ಬಿಸಿಲು ಓಡೋಡಿ ಬಂದು ಓಣಿ, ಹಳ್ಳ, ಹುಣಸೆ, ಮಾಳಿಗೆ, ಬುರುಜು ಎಲ್ಲವನ್ನೂ ಒಂದೊಂದಾಗಿ ಬೆಳಗಿಸಿ ಗುಡ್ಡದ ಮೇಲೆ ನಮ್ಮನ್ನೂ ಮುಟ್ಟಿತು. ಎಣಿಸಿದರೆ ಹತ್ತು ಕ್ಷಣವಿರಬಹುದು. ಅಷ್ಟರಲ್ಲಿ ಬೆನ್ನಿನ ಮೇಲೆ ಮತ್ತೆ ತಂಪು ಬಿತ್ತು. ಈ ಸಲ ಮೋಡವಲ್ಲ.

ನಾನು ತಲೆ ತಗ್ಗಿಸಿ ಕ್ಯಾಮೆರಾದ ಗಾಜಿನೊಳಗೆ ನೋಡಿದೆ. ನೆರಳು ಗುಡ್ಡ ಇಳಿದು ಬುರುಜಿಗೆ ಹತ್ತಿತು, ಬಿಳಿ ಬಾವುಟ ಮೇಲೆದ್ದಿತು. ಮೊದಲ ಚಿತ್ರ ತೆಗೆದೆ. ಹಿಡಿ ತಿರುಗಿಸಿ ರೋಲು ಮುಂದೂಡಿದೆ. ಉಸಿರು ಬಿಗಿಹಿಡಿದು ಎರಡನೆಯದು. ಸುಣ್ಣದವರು ಬಿಳಿ ಚುಕ್ಕೆಗಳಾಗಿ ಬೀದಿಗಳಲ್ಲಿ ಓಡುತ್ತಿದ್ದರು. ನೆತ್ತಿಯ ಮೇಲೆ ರೆಕ್ಕೆಗಳ ಗಾಳಿ, ಕೂಗಿನ ಮೇಲೆ ಕೂಗು. ಕತ್ತಿನ ನರ ತಾನಾಗಿಯೇ ಮೇಲೆ ಎಳೆಯುತ್ತಿತ್ತು. ಒಮ್ಮೆ, ಒಂದೇ ಒಂದು ಸಲ ನೋಡಿದರೆ ಏನಾದೀತು ಎನ್ನಿಸಿತು. ನೋಡಿದರೆ ಕ್ಯಾಮೆರಾ ತಾನಾಗಿ ಮೇಲಕ್ಕೆ ತಿರುಗುತ್ತದೆಂದು ನನಗೆ ಗೊತ್ತಿತ್ತು.

“ನೀಲಗಂಗವ್ವಾ, ಮೇಲೆ ಏನಿದೆ ಹೇಳಿ,” ಎಂದೆ.

“ಸೂರ್ಯಾ ಇಲ್ರಿ,” ಎಂದಳು. ಅವಳ ದನಿ ಬೇರೆಯಾಗಿತ್ತು. “ಬರೇ ಹೊಟ್ಟಿ, ಬೂದು ಹೊಟ್ಟಿ. ನಡುವ ಒಂದೀಟು ಸಂದಿಲ್ಲ. ಕೆಳಗಿನ ಸಾಲು ಬಲಕ್ಕ ಹೊಳ್ಳಾಕತ್ತೈತಿ, ಮ್ಯಾಲಿನ ಸಾಲು ಎಡಕ್ಕ. ತಲಿ ಮ್ಯಾಲಿನ ಎರಡು ಕರೀ ಪಟ್ಟಿ ಸುದ್ದಾ ಕಾಣಾಕತ್ತಾವು. ಒಂದು ನನ್ನ ನೋಡ್ತು ಅಕ್ಕಾರ. ನೀವು ಮ್ಯಾಲ ನೋಡಬ್ಯಾಡ್ರಿ. ನಾ ನೋಡ್ತೀನಿ ನಿಮ್ಮ ಪಾಲಿಂದೂ.”

ಅವಳು ಹೇಳುತ್ತ ಹೋದಳು, ನಾನು ತೆಗೆಯುತ್ತ ಹೋದೆ. ನೆರಳು ಹುಣಸೆ ಸಾಲು ನುಂಗಿತು. ಹಳ್ಳದ ದಡಕ್ಕೆ ಬಂದ ಸುಣ್ಣದವರು ಅಲ್ಲೇ ನಿಂತರು. ನೆರಳು ನಿಲ್ಲಲಿಲ್ಲ. ಕಪ್ಪು ಪಟ್ಟಿಯನ್ನು ದಾಟಿ, ಹರಡಿದ ಜೊಂಡಿನ ಮೇಲೆ, ಗುಡಿಸಲುಗಳ ಮೇಲೆ, ಹದಿನೇಳರ ಮೇಲೂ ಹಾದು ಆಚೆಗೆ ಒಂದು ಕೂಗಳತೆ ದೂರ ಹೋಗಿ ನಿಂತಿತು. ಎಂಟು, ಒಂಬತ್ತು, ಹತ್ತು. ಹನ್ನೊಂದನೆಯದು ತೆಗೆಯುವಾಗ ಹಿಂಡಿನ ಕೆಳಗಿನ ಸಾಲು ತಿರುಗಿ ಇಳಿದು ಗಾಜಿನ ಮೇಲಂಚಿನೊಳಗೇ ಬಂದಿತು. ಬುರುಜಿನ ಮೇಲೆ ಬಾವುಟ ಎತ್ತಿದ ಮನುಷ್ಯ, ಕೆಳಗೆ ಊರು, ಆಚೆ ಓಣಿ, ಎಲ್ಲವೂ ಒಂದೇ ನೆರಳಿನಲ್ಲಿ. ಹನ್ನೆರಡನೆಯದು ಒತ್ತಿದ ಮೇಲೆ ಬಾವುಟ ಇಳಿಯಿತು. ನಾನು ತಲೆ ಎತ್ತುವಷ್ಟರಲ್ಲಿ ಆಕಾಶ ಖಾಲಿಯಾಗಿ, ಕೆರೆ ತುಂಬಿತ್ತು.

ಮರುದಿನ ರೋಲು ತೊಳೆಯಬೇಕಿತ್ತು. ಔಷಧ, ಕಾಗದ, ಕೆಂಪು ಲಾಟೀನು ಎಂದಿನಂತೆ ಚೀಲದಲ್ಲಿದ್ದವು, ಆದರೆ ಕತ್ತಲೆ ಕೋಣೆಗೆ ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ಓಣಿಯ ಹಿರಿಯ ಹೆಣಿಗೆಗಾರ ಮೈಲಾರಪ್ಪ, ಎಷ್ಟು ಕತ್ತಲೆ ಬೇಕು ಎಂದು ಕೇಳಿದ. ಸೂಜಿಮೊನೆಯಷ್ಟೂ ಬೆಳಕು ಬರಬಾರದು ಎಂದೆ. ಅವನು ಒಪ್ಪೊತ್ತಿನಲ್ಲಿ ಚಾಪೆಯ ಮೇಲೆ ಚಾಪೆ, ಹೆಣಿಗೆಗೆ ಅಡ್ಡ ಹೆಣಿಗೆ, ಆರು ಪದರ ಕಟ್ಟಿ ನಾಲ್ಕು ಗೋಡೆ ಒಂದು ಮಾಡು ನಿಲ್ಲಿಸಿದ. ಒಳಗೆ ಹೋಗಿ ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಆಗಿತ್ತು. ಸ್ಟುಡಿಯೋದ ನನ್ನ ಕೋಣೆಯಲ್ಲೂ ಬಾಗಿಲಿನ ಸಂದಿಯಿಂದ ಒಂದು ಎಳೆ ಬೆಳಕು ಬರುತ್ತದೆ.

ರೋಲು ಚೆನ್ನಾಗಿ ಬಂದಿತ್ತು. ಆದರೆ ಬರೀ ನೆಗೆಟಿವ್ ತೋರಿಸಿದರೆ ಪಂಚರು ಒಪ್ಪಲಾರರು. ಚಿತ್ರ ಮಾಡಿಕೊಂಡು ಹೋದರೆ ಹಳ್ಳದಾಚೆ ಕೂತು ಬರೆದುಕೊಂಡು ಬಂದಿದ್ದಾರೆ ಎನ್ನಬಹುದು. ಚಿತ್ರ ಮೂಡುವುದನ್ನು ಅವರೇ ನೋಡಬೇಕಿತ್ತು, ಅದೂ ಮುದ್ರೆ ಬೀಳುವ ಮೊದಲು. ಗೆರೆಗಾರನಾಗಲಿ ಪಂಚರಾಗಲಿ ಗೆರೆ ದಾಟಿ ಹೊರಗೆ ಬರುವ ಹಾಗಿಲ್ಲ. ಹೊರಗಿನವರು ಮಾತ್ರ ಬಾತಿನ ಸಂತೆಯ ದಿನ ಮಾರಾಟಕ್ಕೆ ಒಳಗೆ ಹೋಗಬಹುದು.

“ಹಂಗಾದ್ರ ಕತ್ತಲೀನ ಹೊತ್ಕೊಂಡು ಹೋಗೂಣು,” ಎಂದ ಮೈಲಾರಪ್ಪ.

ಮೂರನೆಯ ದಿನ ಹದಿನೇಳು ಮನೆಯವರೂ ಸುರುಳಿ ಸುತ್ತಿದ ಚಾಪೆಗಳನ್ನು ತಲೆಯ ಮೇಲಿಟ್ಟುಕೊಂಡು ಹಳ್ಳಕ್ಕಿಳಿದರು. ನೀಲಗಂಗವ್ವನ ತಲೆಯ ಮೇಲೆ ಚಿತ್ರ ತೊಳೆಯುವ ನನ್ನ ಔಷಧದ ಪೊಟ್ಟಣ, ತಟ್ಟೆಗಳು. ಈಚೆ ದಡದಲ್ಲಿ ಹೊಸ ಸುಣ್ಣದ ಗೆರೆ ಬಿಸಿಲಿಗೆ ಹೊಳೆಯುತ್ತಿತ್ತು. ಮಾರಾಟಕ್ಕೆ ಬಂದಿದ್ದೇವೆ ಎಂದು ಹೇಳಿ ಒಬ್ಬೊಬ್ಬರೇ ದಾಟಿದರು. ಬುರುಜಿನ ಮುಂದಿನ ಬಯಲಿನಲ್ಲಿ ಮೈಲಾರಪ್ಪ ಹಗ್ಗ ಬಿಗಿದು ಕೋಣೆ ಎಬ್ಬಿಸತೊಡಗಿದಾಗ ಸಂತೆಯ ಜನ ಬದನೆಕಾಯಿ, ಮೆಣಸಿನಕಾಯಿ ಬಿಟ್ಟು ಸುತ್ತ ನೆರೆದರು.

ನಾನು ಪಂಚರ ಕೈಗೆ ಮೊದಲು ನೆಗೆಟಿವ್ ಕೊಟ್ಟೆ. ಹಿರಿಯರು ಬಿಸಿಲಿಗೆ ಹಿಡಿದು ನೋಡಿ, ಬಾತು ಬೆಳ್ಳಗಿವೆ, ನೆರಳೂ ಬೆಳ್ಳಗಿದೆ, ಬಿಸಿಲು ಕಪ್ಪಗಿದೆ, ಇದೆಂಥ ಸಾಕ್ಷಿ ಎಂದರು. ಜನ ನಕ್ಕರು. ಒಳಗೆ ಬನ್ನಿ, ನೆಟ್ಟಗಾಗುವುದನ್ನು ನೀವೇ ನೋಡಿ ಎಂದೆ. ಹಿರಿಯರೂ ಅಡಿವೆಪ್ಪನೂ ಬಗ್ಗಿ ಒಳಗೆ ಬಂದರು, ನೀಲಗಂಗವ್ವ ಚಾಪೆಯ ಬಾಗಿಲು ಬಿಗಿದಳು.

ಕರೆಂಟಿಲ್ಲದ ಊರುಗಳಲ್ಲಿ ನಮ್ಮಪ್ಪ ಬಿಸಿಲಿನಿಂದಲೇ ಚಿತ್ರ ಹಿಗ್ಗಿಸುತ್ತಿದ್ದ. ಗೋಡೆಯಲ್ಲಿ ಒಂದು ತೂತು, ತೂತಿಗೆ ನೆಗೆಟಿವ್, ಅದರ ಮುಂದೆ ಹಳೆಯ ಕ್ಯಾಮೆರಾದಿಂದ ಬಿಚ್ಚಿದ ಲೆನ್ಸು, ಎದುರು ಗೋಡೆಗೆ ಕಾಗದ. ನಾನೂ ಹಾಗೇ ಹನ್ನೊಂದನೆಯ ಚಿತ್ರವನ್ನು ಚಾಪೆಗೋಡೆಯ ತೂತಿಗೆ ಹಚ್ಚಿದೆ, ಹೊರಗೆ ಮೈಲಾರಪ್ಪ ಕನ್ನಡಿ ಹಿಡಿದು ಬಿಸಿಲನ್ನು ತೂತಿಗೆ ತಿರುಗಿಸಿದ. ನಾನು ಒಂದು, ಎರಡು ಎಂದು ಎಣಿಸಿ ಮುಚ್ಚಿಸಿದೆ. ಕೆಂಪು ಗಾಜಿನ ಲಾಟೀನಿನ ಬೆಳಕಿನಲ್ಲಿ ಖಾಲಿ ಕಾಗದವನ್ನು ತಟ್ಟೆಯ ಔಷಧದ ನೀರಿಗೆ ಬಿಟ್ಟು ಮೆಲ್ಲಗೆ ಅಲುಗಿಸಿದೆ. ಅದರಲ್ಲಿ ಏನೂ ಇಲ್ಲವಲ್ಲ ಎಂದರು ಹಿರಿಯರು. ನಾನು ತಟ್ಟೆ ಅಲುಗಿಸುತ್ತಲೇ ಇದ್ದೆ.

ಮೊದಲು ಮೂಡಿದ್ದು ಹಳ್ಳ, ಕಪ್ಪು ಪಟ್ಟಿಯಾಗಿ. ಆಮೇಲೆ ಹುಣಸೆ ಮರಗಳು. ಮೇಲಂಚಿನಲ್ಲಿ ಒಂದು ರೆಕ್ಕೆ, ಹತ್ತು ರೆಕ್ಕೆ, ನೂರು ರೆಕ್ಕೆ. ಅಡಿವೆಪ್ಪ ತಟ್ಟೆಯ ಮೇಲೆ ಬಾಗಿದ. ಬುರುಜು ಮೂಡಿತು, ಅದರ ಮೇಲೆ ಉಗುರಿನಷ್ಟು ಮನುಷ್ಯ, ಅವನ ಕೈಯಲ್ಲಿ ಬಿಳಿ ತುಂಡು.

“ಇಂವ ಯಾರು?” ಎಂದ ಅಡಿವೆಪ್ಪ.

“ನೀವು,” ಎಂದೆ.

ಬಾವುಟ ಎತ್ತುವವನು ತನ್ನನ್ನು ತಾನು ಎಂದೂ ನೋಡಿಕೊಂಡಿರುವುದಿಲ್ಲ. ಅವನ ಬೆರಳು, ನೀರು ಮುಟ್ಟದೆ, ಚಿತ್ರದ ಮೇಲೆ ಗಾಳಿಯಲ್ಲೇ ಬುರುಜಿನಿಂದ ಹೊರಟು ಮಾಳಿಗೆಗಳನ್ನು, ಹುಣಸೆ ಸಾಲನ್ನು, ಹಳ್ಳವನ್ನು ದಾಟಿತು. ಆಚೆ ಹದಿನೇಳು ಗುಡಿಸಲುಗಳು ಊರಿನಷ್ಟೇ ಮಬ್ಬಾಗಿದ್ದವು, ಅವುಗಳಾಚೆ ಹೊಲ ಬಿಸಿಲಿಗೆ ಬೆಳ್ಳಗಿತ್ತು. ಇದು ಮೋಡದ ನೆರಳಿರಬಹುದು ಎಂದು ಹಿರಿಯರು ಮೆಲ್ಲಗೆ ಹೇಳಿದರು. ಅಡಿವೆಪ್ಪ ರೆಕ್ಕೆಗಳ ಕಡೆ ಬೆರಳು ತೋರಿ ಅಲ್ಲವೆಂದು ತಲೆಯಾಡಿಸಿದ. ನೀಲಗಂಗವ್ವ ಕತ್ತಲೆಯಲ್ಲಿ ಬಾಗಿಲಿನ ಚಾಪೆ ಹಿಡಿದು ನಿಂತಿದ್ದಳು.

ಚಿತ್ರ ಅಳಿಸಿಹೋಗದಂತೆ ಹೈಪೋದಲ್ಲಿ ಅದ್ದಿ, ತೊಳೆದು ಅವನ ಕೈಗೇ ಕೊಟ್ಟೆ. ಅವನು ಹನಿ ಸೋರುವ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದು, ಬುರುಜಿನ ಮೆಟ್ಟಿಲು ಹತ್ತಿ ನಿಂತ. ಗದ್ದಲ ಅಡಗಿತು.

“ನನ್ನ ಕೈಯಾಗ ಬಾವುಟ ಐತಿ,” ಎಂದ. “ಅವ್ರ ಮನಿ ಮ್ಯಾಲ ನೆರಳ ಐತಿ. ಮೂವತ್ತು ವರ್ಷ ಗೆರಿ ಎಳದೀನಿ. ಸುಣ್ಣ ಯಾಕ ಹಳ್ಳಕ್ಕ ನಿಂತೈತಿ ಅಂತ ಒಂದ ದಿನ ಕೇಳಲಿಲ್ಲ. ತಪ್ಪು ನಂದು.”

ದಕ್ಷಿಣ ದಿಕ್ಕಿನ ಸುಣ್ಣದವರ ಮುಖ್ಯಸ್ಥ ಗುಂಪಿನೊಳಗಿಂದ ಮುಂದೆ ಬಂದ. ಕೆಸರಿಗೆ ಹೆದರಿ ನಿಲ್ಲುತ್ತಿದ್ದೆವು, ಎದುರಿನ ನೆರಳು ಕಾಣುತ್ತಿತ್ತು, ಹೇಳಲು ಬಾಯಿ ಬರಲಿಲ್ಲ ಎಂದು ಎಲ್ಲರೆದುರೂ ಒಪ್ಪಿಕೊಂಡ. ಪಂಚರು ಒಬ್ಬರ ಕಿವಿಯಲ್ಲಿ ಒಬ್ಬರು ಮಾತಾಡಿಕೊಂಡರು. ಬಾವುಟ ಇಳಿದ ಮೇಲೆ ಸುರಿದ ಸುಣ್ಣ ಲೆಕ್ಕಕ್ಕಿಲ್ಲವಲ್ಲ ಎಂದು ಒಬ್ಬರೆಂದರು. ಹಿರಿಯರು ಅಡಿವೆಪ್ಪನ ಕೈಯಿಂದ ಚಿತ್ರ ತೆಗೆದುಕೊಂಡು ಜನರ ಕಡೆ ತಿರುಗಿಸಿ ಎತ್ತಿ ಹಿಡಿದರು. “ಇದರಾಗ ಬಾವುಟ ಇನ್ನೂ ಇಳದಿಲ್ಲ,” ಎಂದರು. “ಹೊತ್ತು ಮುಳುಗೂದ್ರಾಗ ಗೆರಿ ಎಳೀರಿ.”

ಆಮೇಲೆ ಆದದ್ದನ್ನು ನಾನು ಎಷ್ಟು ಹೇಳಿದರೂ ಕಡಿಮೆಯೇ. ಸಂತೆ ಹಾಗೇ ಬಿಟ್ಟು ಜನ ಹಳ್ಳದ ಕಡೆ ನಡೆದರು. ಸುಣ್ಣದ ಬುಟ್ಟಿಗಳು ಸಾಲದೆ ತರಕಾರಿಯ ಬುಟ್ಟಿ ಬರಿದು ಮಾಡಿ ಸುಣ್ಣ ತುಂಬಿದರು. ಚಾಪೆ ಓಣಿಯವರು ತಮ್ಮ ಕತ್ತಲೆ ಕೋಣೆಯನ್ನು ಬಿಚ್ಚಿ ಆ ಚಾಪೆಗಳನ್ನೇ ಕೆಸರಿನ ಮೇಲೆ ಒಂದರ ಮುಂದೊಂದು ಹಾಸಿದರು. ಮೊದಲು ಕಾಲಿಟ್ಟವನು ಅಡಿವೆಪ್ಪ. ಮೂವತ್ತು ವರ್ಷ ತನ್ನ ಗೆರೆಯ ಆಚೆಗೆ ಹೆಜ್ಜೆ ಇಡದವನು, ಈಚೆ ದಡದ ಹೊಸ ಗೆರೆಯ ಎದುರು ಒಂದು ಗಳಿಗೆ ನಿಂತ. ಆಮೇಲೆ ಬಗ್ಗಿ ಅಂಗೈಯಿಂದ ಅದನ್ನು ಅಳಿಸಿದ. ಚಾಪೆ ಅವನ ಭಾರಕ್ಕೆ ತಗ್ಗಿ ಕಣಕಾಲಿನತನಕ ನೀರು ಬಂತು, ಅವನು ನಿಲ್ಲಲಿಲ್ಲ. ಅವನ ಹಿಂದೆ ಸುಣ್ಣದವರು, ಅವರ ಹಿಂದೆ ಪಂಚರು, ಅವರ ಹಿಂದೆ ಊರು. ಹಿರಿಯರು ಮರಳಿಸಿದ ಚಿತ್ರ ನನ್ನ ಕೈಯಲ್ಲಿತ್ತು. ನಾನು ನೆರಳಿನ ಅಂಚು ತೋರಿಸುತ್ತ ಮುಂದೆ ನಡೆದೆ, ಅಡಿವೆಪ್ಪ ತನ್ನ ಕೈಯಾರೆ ಸುಣ್ಣ ಸುರಿಯುತ್ತ ಬಂದ. ಗುಡಿಸಲುಗಳ ಹಿಂದೆ, ಜೊಂಡಿನ ರಾಶಿಯಾಚೆ, ಹೂವಕ್ಕನನ್ನು ಮಣ್ಣು ಮಾಡಿದ ದಿಬ್ಬದಾಚೆ ಗೆರೆ ಸಾಗಿತು. ಅಲ್ಲಿ ನೀಲಗಂಗವ್ವ ಅವನ ಬುಟ್ಟಿಯಿಂದ ಒಂದು ಬೊಗಸೆ ಸುಣ್ಣ ತೆಗೆದುಕೊಂಡಳು. ಅವನು ಬೇಡವೆನ್ನಲಿಲ್ಲ. ಆ ದಿಬ್ಬದ ಸುತ್ತಿನ ನಾಲ್ಕು ಮಾರು ಗೆರೆ ಅವಳೇ ಎಳೆದಳು.

ಅಷ್ಟು ಜನರ ಸದ್ದಿಗೆ ಕೆರೆಯ ಬಾತುಗಳು ಎದ್ದವು. ಈ ಸಲ ನಾನು ಮನಸಾರೆ ತಲೆ ಎತ್ತಿ ನೋಡಿದೆ. ಕ್ಯಾಮೆರಾದಲ್ಲಿ ಹೊಸ ರೋಲಿತ್ತು, ಆದರೆ ಅದು ನೆನಪಾದದ್ದು ಅವು ಮತ್ತೆ ನೀರಿಗಿಳಿದ ಮೇಲೆ. ನನಗೆ ದುಃಖವಾಗಲಿಲ್ಲ. ಹದಿನೆಂಟು ವರ್ಷ ನಾನು ಹುಡುಕಿದ ಹಿಂಡಿನ ಚಿತ್ರ, ಒದ್ದೆಯಾಗಿ, ಒಂದು ಮೂಲೆಯಲ್ಲಿ ಅಡಿವೆಪ್ಪನ ಸುಣ್ಣದ ಬೆರಳಚ್ಚಿನೊಂದಿಗೆ, ನನ್ನ ಕೈಯಲ್ಲೇ ಇತ್ತು. ಅದರಲ್ಲಿ ಬಾತುಗಳು ಎಳ್ಳಿನಂತೆ ಕಾಣುತ್ತಿರಲಿಲ್ಲ. ಅವುಗಳ ಕೆಳಗೆ ಜನ ಇದ್ದರು.

ಗೆರೆ ಕೂಡಿ ಪಂಚರ ಮುದ್ರೆ ಬಿದ್ದ ಕೂಡಲೇ ಊರಿನ ಗುಮಾಸ್ತ ಊರವರ ಪಟ್ಟಿಯ ದಪ್ಪ ಪುಸ್ತಕ ಹೊತ್ತು ಹಳ್ಳ ದಾಟಿ ಬಂದ. ಹೊತ್ತು ಮುಳುಗಲು ಇನ್ನೂ ಎರಡು ಮಾರು ಬಾಕಿಯಿತ್ತು. ನೀಲಗಂಗವ್ವನ ಅಂಗಳದಲ್ಲಿ ಚಾಪೆ ಹಾಸಿ ಅವನನ್ನು ಕೂರಿಸಿದರು. ಮೊದಲ ಹೆಸರು ಅವಳದೇ ಇರಲಿ ಎಂದು ಓಣಿಯವರೆಲ್ಲ ಅವಳನ್ನು ಮುಂದೆ ನೂಕಿದರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಗುಮಾಸ್ತ ಹೆಸರು ಕೇಳಿದ, ಹೇಳಿದಳು. ಕಸುಬು ಕೇಳಿದ, ಚಾಪೆ ಎಂದಳು. ಅವನು ಬರೆಯುತ್ತ, ತಲೆ ಎತ್ತದೆ, ದಿನಕ್ಕೆ ನೂರು ಸಲ ಕೇಳಿ ರೂಢಿಯಾದ ದನಿಯಲ್ಲಿ, “ಊರು?” ಎಂದ.

ನೀಲಗಂಗವ್ವ ನನ್ನನ್ನು ನೋಡಿದಳು, ಹಳ್ಳವನ್ನು ನೋಡಿದಳು, ಕೆಸರು ಮೆತ್ತಿದ ಕಾಲುಗಳಲ್ಲಿ ಅಂಗಳದ ತುಂಬ ನಿಂತಿದ್ದ ಜನರನ್ನು ನೋಡಿದಳು.

“ಇದ,” ಎಂದಳು.

ಗುಮಾಸ್ತ ಬರೆದ. ಬರೆದದ್ದನ್ನು ಒಂದು ಸಲ ಗಟ್ಟಿಯಾಗಿ ಓದು ಎಂದಳು. ಅವನು ಓದಿದ.